ಭುಜ ನೋಡುವ ಮೊದಲು ನಿದ್ದೆ ಕೇಳಬೇಕಿತ್ತು

ತೀರ್ಥಹಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುತ್ತಾ ನನಗೆ 14 ವರ್ಷವಾಯಿತು. ನನ್ನ ಕೋಣೆಗೆ ಬರುವವರಲ್ಲಿ ಹೆಚ್ಚಿನವರು ಅಡಿಕೆ ಕೆಲಸದವರು. ಮಳೆಗಾಲದಲ್ಲಿ ಔಷಧಿ ಹೊಡೆದು ಕುತ್ತಿಗೆ ಹಿಡಿದುಕೊಂಡು ಬರುತ್ತಾರೆ. ಕೊಯ್ಲು ಶುರುವಾದರೆ ಭುಜ, ಸೊಂಟ, ಮಂಡಿ, ಮಣಿಕಟ್ಟು. ಡಿಸೆಂಬರಿನಲ್ಲಿ ಒಂದೊಂದು ದಿನ ಊಟಕ್ಕೂ ಬಿಡುವು ಸಿಗುವುದಿಲ್ಲ. ಇಷ್ಟು ವರ್ಷ ಇಂಥವರ ನಡುವೆಯೇ ಇದ್ದು, ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ನಾನು ಕೇಳದೇ ಬಿಟ್ಟಿದ್ದೆ ಎಂಬುದು ಮೂರು ಸುಗ್ಗಿಯ ಹಿಂದೆ, ಮರ ಹತ್ತಿ ಅಡಿಕೆ ಗೊನೆ ಇಳಿಸುವ ಒಬ್ಬ ಕೊನೆಗಾರರಿಂದ ಗೊತ್ತಾಯಿತು.

ಅವರಿಗೆ 42 ವರ್ಷ. ಬಲ ಭುಜದಲ್ಲಿ ನೋವು. ಕೈಯನ್ನು ಪಕ್ಕದಿಂದ ಎತ್ತಲು ಹೇಳಿದರೆ ಭುಜದ ಮಟ್ಟ ದಾಟುತ್ತಿದ್ದಂತೆ ಹುಬ್ಬು ಗಂಟಾಗುತ್ತಿತ್ತು, ಉಸಿರು ಬಿಗಿಹಿಡಿಯುತ್ತಿದ್ದರು. ಸ್ಕ್ಯಾನಿನಲ್ಲಿ ಸ್ನಾಯುರಜ್ಜು ಊದಿಕೊಂಡಿತ್ತು, ಹರಿದಿರಲಿಲ್ಲ. ಇಂಥ ಭುಜಕ್ಕೆ ಏನು ಮಾಡಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು. ರಬ್ಬರ್ ಪಟ್ಟಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ಎಳೆಯುವ ವ್ಯಾಯಾಮ ಹೇಳಿಕೊಟ್ಟೆ. ಅವರು ಒಂದು ದಿನವೂ ತಪ್ಪಿಸಲಿಲ್ಲ. ಮಾಡಿ ತೋರಿಸಿ ಎಂದರೆ ನಾನು ಹೇಳಿಕೊಟ್ಟದ್ದಕ್ಕಿಂತ ಅಚ್ಚುಕಟ್ಟಾಗಿ ಮಾಡಿ ತೋರಿಸುತ್ತಿದ್ದರು. ಆರು ವಾರ ಕಳೆದರೂ ಭುಜ ಇದ್ದಲ್ಲೇ ಇತ್ತು. ಪಟ್ಟಿಯ ಬಿಗಿ ಸಾಲದೇನೋ ಎಂದುಕೊಂಡು ಇನ್ನಷ್ಟು ಗಟ್ಟಿ ಪಟ್ಟಿ ಕೊಟ್ಟೆ. ಮುಂದಿನ ವಾರ ಅವರಿಗೆ ಅಂಗಿಯ ತೋಳು ಹಾಕಿಕೊಳ್ಳುವುದೂ ಕಷ್ಟವಾಗಿತ್ತು.

ಆ ದಿನ ಅವರ ಜೊತೆ ಹೆಂಡತಿಯೂ ಬಂದಿದ್ದರು. ನಾನು ಕೈ ಹಿಡಿದು ಕೀಲು ತಿರುಗಿಸುತ್ತಿದ್ದಾಗ ಗೋಡೆಗೆ ಒರಗಿ ನಿಂತವರು ಹೇಳಿದರು: "ಮೇಡಂ, ಇವರಿಗೆ ನಿದ್ದೆ ಎಲ್ಲಿದೆ? ಹಗಲು ಮರ, ರಾತ್ರಿ ಹಂಡೆ."

ಕೈ ಕೆಳಗಿಟ್ಟು ಕುಳಿತು ಕೇಳಿದೆ. ಹಗಲೆಲ್ಲ ಬೇರೆಯವರ ತೋಟದಲ್ಲಿ ಕೊನೆ ತೆಗೆಯುತ್ತಾರೆ. ತಮ್ಮದೂ ಒಂದು ಎಕರೆ ತೋಟ ಇದೆ. ಅದರ ಅಡಿಕೆಯನ್ನು ಸಂಜೆಯಿಂದ ಮನೆಮಂದಿಯೆಲ್ಲ ಕುಳಿತು ಸುಲಿಯುವುದು, ಹನ್ನೊಂದಕ್ಕೆ ಎದ್ದರೆ ಬೇಯಿಸುವ ಹಂಡೆಯ ಬೆಂಕಿ ನೋಡಿಕೊಳ್ಳುವುದು ಇವರ ಪಾಲು. ಮಲಗುವಾಗ ಒಂದು ಗಂಟೆ. ಐದಕ್ಕೆ ಏಳಲೇಬೇಕು. ನಿದ್ದೆ ತಡೆಯಲು ರಾತ್ರಿ ಮೂರು ಲೋಟ ಚಹಾ, ಮಲಗುವ ಮುನ್ನ ಹೊಗೆಸೊಪ್ಪು ಸೇರಿಸಿದ ಒಂದು ಕವಳ, ಅಂದರೆ ಎಲೆ ಅಡಿಕೆ. ಹೇಗೆ ಮಲಗುತ್ತೀರಿ ಎಂದು ಕೇಳಿದೆ. ಅವರು ನನ್ನ ಚಿಕಿತ್ಸೆಯ ಮಂಚದ ಮೇಲೆಯೇ ಬಲಕ್ಕೆ ಹೊರಳಿ, ಬಲಗೈಯನ್ನು ತಲೆಯ ಅಡಿಗೆ ಮಡಿಚಿಟ್ಟು ತೋರಿಸಿದರು. ನೋಯುವ ಭುಜದ ಮೇಲೆ ಇಡೀ ಮೈಯ ಭಾರ. ಆರು ವಾರದಿಂದ ದಿನಕ್ಕೆ ಅರ್ಧ ಗಂಟೆ ನಾನು ಮಾಡಿಸಿದ್ದನ್ನು ನಾಲ್ಕು ಗಂಟೆಯ ಆ ಮಲಗುವ ರೀತಿ ಅಳಿಸಿಹಾಕುತ್ತಿತ್ತು. ಅದರ ಮೇಲೆ ನಾನು ಪಟ್ಟಿಯ ಬಿಗಿ ಬೇರೆ ಹೆಚ್ಚಿಸಿದ್ದೆ.

ವ್ಯಾಯಾಮ ಸ್ನಾಯುವನ್ನು ಗಟ್ಟಿ ಮಾಡುತ್ತದೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ವ್ಯಾಯಾಮ ಕೊಡುವುದು ಒಂದು ಕರೆ ಮಾತ್ರ. ಕರೆಗೆ ಓಗೊಟ್ಟು ರಿಪೇರಿ ನಡೆಯುವುದು ಬಿಡುವಿನಲ್ಲಿ, ಅದರಲ್ಲೂ ನಿದ್ದೆಯಲ್ಲಿ. ಬೆಳವಣಿಗೆಯ ಹಾರ್ಮೋನಿನ ದೊಡ್ಡ ಅಲೆ ರಕ್ತಕ್ಕೆ ಬರುವುದು ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೆ, ಮೊದಲ ಗಾಢ ನಿದ್ದೆಯ ಜೊತೆಗೆ. ಬೆಳೆದು ನಿಂತ ಮೈಯಲ್ಲಿ ಅದಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಸವೆದ ಅಂಗಾಂಶವನ್ನು ಸರಿಪಡಿಸುವುದರಲ್ಲಿ ದೊಡ್ಡವರಿಗೂ ಅದರ ಪಾತ್ರ ಇದೆ. ರಾತ್ರಿ ಹತ್ತರಿಂದ ಎರಡರ ಒಳಗೆ ಮಲಗಿದರೆ ಮಾತ್ರ ಆ ಹಾರ್ಮೋನ್ ಬರುತ್ತದೆ ಎಂಬ ಮಾತು ಇತ್ತೀಚೆಗೆ ಎಲ್ಲರ ಬಾಯಲ್ಲೂ ಇದೆ, ಅದು ಪೂರ್ತಿ ನಿಜವಲ್ಲ. ಆ ಅಲೆ ಗಡಿಯಾರಕ್ಕಿಂತ ಹೆಚ್ಚಾಗಿ ಗಾಢ ನಿದ್ದೆಯನ್ನು ಹಿಂಬಾಲಿಸುತ್ತದೆ. ಗಡಿಯಾರವನ್ನು ಬಿಗಿಯಾಗಿ ಹಿಡಿದುಕೊಂಡಿರುವುದು ಮೈಯನ್ನು ಎಚ್ಚರಕ್ಕೆ ಸಿದ್ಧಮಾಡುವ ಇನ್ನೊಂದು ಹಾರ್ಮೋನ್, ಕಾರ್ಟಿಸಾಲ್. ನಡುರಾತ್ರಿಯ ಸುಮಾರಿಗೆ ಅದು ತೀರಾ ಕಡಿಮೆ ಇರುತ್ತದೆ, ನಸುಕಿನಲ್ಲಿ ಏರತೊಡಗುತ್ತದೆ, ಏಳುವ ಹೊತ್ತಿಗೆ ಅತಿ ಹೆಚ್ಚು. ಒಂದು ಗಂಟೆಗೆ ಮಲಗಿದವರಿಗೆ ಗಾಢ ನಿದ್ದೆ ಒಂದಿಷ್ಟು ಸಿಕ್ಕರೂ, ಉಳಿದ ನಿದ್ದೆಗೆ ಹೊತ್ತು ಸಾಲುವ ಮೊದಲೇ ಮೈ ಏಳುವ ತಯಾರಿ ಮಾಡಿಕೊಳ್ಳುತ್ತಿರುತ್ತದೆ.

ಇನ್ನೊಂದು ಸಂಗತಿ ನಮ್ಮ ವೃತ್ತಿಯವರಿಗೆ ಬಹಳ ಮುಖ್ಯ. ನಿದ್ದೆಗೆಟ್ಟವರಿಗೆ ಅದೇ ಪೆಟ್ಟು ಹೆಚ್ಚು ನೋಯುತ್ತದೆ. ನೋವು ನಿದ್ದೆಯನ್ನು ಕೆಡಿಸುತ್ತದೆ, ಕೆಟ್ಟ ನಿದ್ದೆ ನೋವನ್ನು ಹೆಚ್ಚಿಸುತ್ತದೆ. ಹತ್ತಕ್ಕೆ ಎಂಟು ಎಂದು ಆ ಕೊನೆಗಾರರು ಹೇಳುತ್ತಿದ್ದ ನೋವಿನಲ್ಲಿ ಭುಜದ ಪಾಲು ಎಷ್ಟು, ರಾತ್ರಿಗಳ ಪಾಲು ಎಷ್ಟು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಸುಗ್ಗಿಯಲ್ಲಿ ಎಂಟು ಗಂಟೆ ಮಲಗಿ ಎಂದು ಚೀಟಿ ಬರೆದು ಕಳುಹಿಸಿದರೆ ಅದು ಕಸದ ಬುಟ್ಟಿಗೆ ಹೋಗುತ್ತದೆ, ಹೋಗಬೇಕಾದದ್ದೂ ಸರಿಯೇ. ಕೊಯ್ದ ಹಸಿ ಅಡಿಕೆ ಕಾಯುವುದಿಲ್ಲ. ಮೋಡ ಕಟ್ಟಿದರೆ ಅಂಗಳದಲ್ಲಿ ಹರವಿದ್ದು ಕೆಡುತ್ತದೆ. ಹಾಗಾಗಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಆ ಮನೆಯಲ್ಲಿ ಆಗಬಹುದಾದದ್ದು ಯಾವುದು ಎಂದು ಒಂದೊಂದಾಗಿ ಕೇಳಿದೆ. ಹಂಡೆಯ ಬೆಂಕಿಯನ್ನು ದಿನ ಬಿಟ್ಟು ದಿನ ತಮ್ಮ ನೋಡಿಕೊಳ್ಳಬಹುದು ಎಂದರು. ಹಂಡೆ ಇರುವ ದಿನ ಮಧ್ಯಾಹ್ನ ಊಟವಾದ ಮೇಲೆ ತೋಟದ ನೆರಳಲ್ಲೇ ಅರ್ಧ ಗಂಟೆ ಕಣ್ಣು ಮುಚ್ಚುವುದು. ಚಹಾ ಸಂಜೆ ನಾಲ್ಕರ ಒಳಗೆ ಮುಗಿಯಬೇಕು, ಏಕೆಂದರೆ ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ. ಕವಳದ ವಿಷಯದಲ್ಲಿ ಸುಮಾರು ಹೊತ್ತು ಮಾತಾಯಿತು. ಊಟದ ಮೇಲೆ ಕವಳ ಇಲ್ಲದೆ ನಿದ್ದೆ ಬರುವುದಿಲ್ಲ ಎಂಬುದು ಅವರ ನಂಬಿಕೆ. ಹೊಗೆಸೊಪ್ಪಿನ ನಿಕೋಟಿನ್ ಮೈಯನ್ನು ಎಚ್ಚರಿಸುವ ವಸ್ತು, ನಿದ್ದೆ ತರುವಂಥದ್ದಲ್ಲ ಎಂದು ಹೇಳಿದೆ. ಪೂರ್ತಿ ಬಿಟ್ಟರೆ ಬಾಯಿಗೂ ಒಳ್ಳೆಯದು ಎಂದೂ ಹೇಳಿದೆ. ರಾತ್ರಿಯದ್ದನ್ನು ಮಾತ್ರ ಬಿಡಲು ಒಪ್ಪಿದರು, ನಾನು ಅಷ್ಟಕ್ಕೇ ಸುಮ್ಮನಾದೆ.

ಮಲಗುವ ರೀತಿಯನ್ನು ಮಂಚದ ಮೇಲೆಯೇ ಅಭ್ಯಾಸ ಮಾಡಿಸಿದೆ. ಎಡಕ್ಕೆ ಹೊರಳಿ, ಒಂದು ಕಂಬಳಿಯನ್ನು ದಪ್ಪಗೆ ಸುತ್ತಿ ಎದೆಗೆ ಒತ್ತಿ ಹಿಡಿದು, ಅದರ ಮೇಲೆ ಬಲಗೈ ಇಟ್ಟುಕೊಳ್ಳುವುದು. ಕೈ ಜೋತುಬೀಳಬಾರದು, ಭುಜ ಮುಂದಕ್ಕೆ ಕುಸಿಯಬಾರದು. ಬೆನ್ನ ಹಿಂದೆ ಇನ್ನೊಂದು ದಿಂಬು ಇದ್ದರೆ ನಿದ್ದೆಯಲ್ಲಿ ಬಲಕ್ಕೆ ಹೊರಳುವುದು ತಪ್ಪುತ್ತದೆ. ಭುಜ ನೋವಿರುವ ಯಾರೇ ಆಗಲಿ ಇದನ್ನು ಇವತ್ತೇ ಮಾಡಿ ನೋಡಬಹುದು.

ಸ್ನಾನದ ಹೊತ್ತನ್ನೂ ಬದಲಿಸಿದೆವು. ಬಚ್ಚಲ ಒಲೆಯ ಬಿಸಿನೀರು ನಮ್ಮ ಮಲೆನಾಡಿನ ಮನೆಗಳಿಗೆ ಇರುವ ದೊಡ್ಡ ಭಾಗ್ಯ. ಬಿಸಿನೀರು ಬಿದ್ದಾಗ ಕೈಕಾಲುಗಳ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಆಮೇಲೆ ಮೈಯೊಳಗಿನ ಶಾಖ ಹೊರಗೆ ಹೋಗುತ್ತದೆ. ಒಳಮೈ ಹೀಗೆ ತಂಪಾಗತೊಡಗುವುದೇ ನಿದ್ದೆಗೆ ಕರೆ. ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ, 40ರಿಂದ 42 ಡಿಗ್ರಿಯಷ್ಟು ಬಿಸಿನೀರಿನ ಸ್ನಾನವನ್ನು ಮಲಗುವ ಒಂದೆರಡು ಗಂಟೆ ಮೊದಲು ಮಾಡಿದವರಿಗೆ ನಿದ್ದೆ ಬೇಗ ಹತ್ತುತ್ತದೆ ಎಂದು ಕಂಡುಬಂದಿದೆ. ನಮ್ಮ ಕೊನೆಗಾರರು ಸ್ನಾನ ಮಾಡಿದ ತಕ್ಷಣ ಹಾಸಿಗೆಗೆ ಹೋಗುತ್ತಿದ್ದರು. ಒಂದು ಗಂಟೆ ಮೊದಲೇ ಮಾಡಿ ಎಂದೆ. ಮನೆಯಲ್ಲಿ ಯಾರಿಗೂ ಖರ್ಚಿಲ್ಲದ ಬದಲಾವಣೆ ಅದು.

ವ್ಯಾಯಾಮವನ್ನು ಅರ್ಧಕ್ಕೆ ಇಳಿಸಿದೆ. ಮೂರನೆಯ ವಾರದಲ್ಲಿ ಅವರು ಕೈಯನ್ನು ಕಿವಿಯ ಪಕ್ಕಕ್ಕೆ ತಂದರು. ನಿದ್ದೆಯೊಂದೇ ಭುಜವನ್ನು ಸರಿ ಮಾಡಿತು ಎಂದು ನಾನು ಹೇಳುವುದಿಲ್ಲ. ಭಾರ ಇಳಿದದ್ದೂ ಇತ್ತು, ಮಲಗುವ ರೀತಿ ಬದಲಾದದ್ದೂ ಇತ್ತು. ಆದರೆ ಆರು ವಾರ ಅದೇ ವ್ಯಾಯಾಮ ಏನೂ ಮಾಡದೆ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಅಂದಿನಿಂದ ಎಲ್ಲರನ್ನೂ ಕೇಳತೊಡಗಿದೆ. ಕೇಳಿದ ಮೇಲೆ ಬಂದ ಉತ್ತರಗಳಲ್ಲಿ ಅರ್ಧದಷ್ಟು ನನ್ನ ಕೆಲಸದ ವ್ಯಾಪ್ತಿಯ ಆಚೆಗಿನವು. 48 ವರ್ಷದ ಒಬ್ಬ ಅಕ್ಕ ಸೊಂಟ ನೋವೆಂದು ಬರುತ್ತಿದ್ದರು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕಾಲು ಮಡಿಚಿ ಐದಾರು ಗಂಟೆ ಕೂರುವವರು, ಡಬ್ಬಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ಒಂದು ದಿನ ಬೋರಲು ಮಲಗಿದ್ದಾಗ, ನನ್ನ ಮುಖ ಕಾಣದ ಧೈರ್ಯದಲ್ಲಿ ಇರಬೇಕು, ಮೆಲ್ಲನೆ ಹೇಳಿದರು: "ರಾತ್ರಿ ಮೂರು ಸಲ ಎಚ್ಚರ ಆಗುತ್ತದಮ್ಮ. ರವಿಕೆ ಹಿಂಡಿದರೆ ನೀರು ಬರುವಷ್ಟು ಬೆವರು. ಕಂಬಳಿ ಜಾಸ್ತಿಯಾಯಿತೇನೋ ಎಂದುಕೊಂಡೆ." ಚಳಿಗಾಲದ ನಡುವೆ ಹೇಳಿದ ಮಾತು ಅದು. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತಾ ಹೋದಂತೆ ಮೈಯ ಶಾಖವನ್ನು ಹಿಡಿತದಲ್ಲಿಡುವ ವ್ಯವಸ್ಥೆ ಸಣ್ಣ ಏರುಪೇರಿಗೂ ಬೆಚ್ಚಿಬೀಳುತ್ತದೆ. ಬಿಸಿ ಏರುವುದು, ಬೆವರುವುದು, ನಿದ್ದೆ ತುಂಡಾಗುವುದು ಎಲ್ಲ ಅದರಿಂದಲೇ. ಸೊಂಟ ಉಜ್ಜಿ ಕಳುಹಿಸಿದರೆ ಆ ಅಕ್ಕನಿಗೆ ಏನು ಸಿಗುತ್ತಿತ್ತು? ಸ್ತ್ರೀರೋಗ ವೈದ್ಯರಿಗೆ ಪತ್ರ ಬರೆದುಕೊಟ್ಟೆ, ಥೈರಾಯ್ಡ್ ಪರೀಕ್ಷೆಯೂ ಆಗಲಿ ಎಂದು ಸೇರಿಸಿದೆ, ಏಕೆಂದರೆ ಅದು ಏರಿದರೂ ಬೆವರು, ನಿದ್ರಾಭಂಗ ಕಾಣಿಸಿಕೊಳ್ಳುತ್ತವೆ. ಥೈರಾಯ್ಡ್ ಸರಿ ಇತ್ತು, ಉಳಿದದ್ದಕ್ಕೆ ವೈದ್ಯರು ಚಿಕಿತ್ಸೆ ಶುರು ಮಾಡಿದರು. ನಾನು ಹೇಳಿದ್ದು ಇಷ್ಟು: ಒಂದು ದಪ್ಪ ಕಂಬಳಿಯ ಬದಲು ಎರಡು ಮೂರು ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹೊದೆಯಿರಿ, ಬಿಸಿಯೇರಿದಾಗ ಒಂದನ್ನು ಸರಿಸಿದರೆ ಸಾಕು, ಪೂರ್ತಿ ಎಚ್ಚರಾಗಬೇಕಾಗಿಲ್ಲ. ಮುಟ್ಟಿನ ಮಾತನ್ನು ಹೆಂಗಸರು ತಾವಾಗಿ ಎತ್ತುವುದು ಅಪರೂಪ. ನಾವು ಕೇಳಬೇಕು, ಕೇಳುವಾಗ ಧ್ವನಿ ತಗ್ಗಿಸಬೇಕು, ಬಾಗಿಲು ಹಾಕಿರಬೇಕು.

ಸುಲಿಯುವ ಜಾಗದ ಬೆಳಕಿನ ವಿಷಯದಲ್ಲಿ ನಾನು ತಪ್ಪು ಸಲಹೆ ಕೊಡಲಿದ್ದೆ. ತಲೆಯ ಮೇಲೆ ಬಿಳಿ ಬಲ್ಬು ಉರಿಸಿಕೊಂಡು ಹನ್ನೊಂದರವರೆಗೆ ಕೂತರೆ, ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಹಾರ್ಮೋನ್ ಏರುವುದು ತಡವಾಗುತ್ತದೆ, ನಿಜ. ಹಾಗೆಂದು ಬೆಳಕು ತಗ್ಗಿಸಿ ಎನ್ನಲಾಗದು, ಹರಿತ ಕತ್ತಿಯ ಮುಂದೆ ಬೆರಳು ಇರುತ್ತದೆ. ಬೆಳಕು ಹಾಗೇ ಇರಲಿ, ಸುಲಿಯುವುದನ್ನು ಒಂದು ಗಂಟೆ ಮೊದಲೇ ಮುಗಿಸಿ, ಸುಲಿದು ಎದ್ದ ಮೇಲೆ ಮೊಬೈಲ್ ಹಿಡಿದು ಮಲಗಬೇಡಿ ಎನ್ನುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಹೊರಗೆ ಬಂದು ನಿಲ್ಲುವುದೂ ಅಷ್ಟೇ ಮುಖ್ಯ. ಆಗುಂಬೆಯ ಕಡೆ ಆಷಾಢದಲ್ಲಿ ಸೂರ್ಯನೇ ಕಾಣುವುದಿಲ್ಲವಲ್ಲ ಎಂದು ಕೇಳುತ್ತಾರೆ. ಮೋಡದ ದಿನವೂ ಅಂಗಳದ ಬೆಳಕು ಒಳಮನೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಮೈಯೊಳಗಿನ ಗಡಿಯಾರಕ್ಕೆ ಅದು ಸಾಕು.

ಶಿವಮೊಗ್ಗದ ಹಾಸ್ಟೆಲಿನಿಂದ ಬರುವ ಆಟಗಾರ ಹುಡುಗರ ಕತೆ ಬೇರೆ. ಅವರಿಗೆ ಯಾವ ಹಂಡೆಯೂ ಇಲ್ಲ, ಎರಡು ಗಂಟೆಯವರೆಗೆ ಮೊಬೈಲ್. ತೊಡೆಯ ಹಿಂಬದಿಯ ಸ್ನಾಯು ಎರಡನೆಯ ಸಲ ಹಿಡಿದುಕೊಂಡು ಬಂದ ಒಬ್ಬ ಕಬಡ್ಡಿ ಆಟಗಾರನ ಚೀಲದಲ್ಲಿ 'ಟೆಸ್ಟೋಸ್ಟೆರಾನ್ ಹೆಚ್ಚಿಸುವ' ಪುಡಿಯ ಡಬ್ಬಿ ಇತ್ತು. ಟೆಸ್ಟೋಸ್ಟೆರಾನ್ ಎಂದರೆ ಸ್ನಾಯು ಬೆಳೆಯಲು ನೆರವಾಗುವ ಗಂಡು ಹಾರ್ಮೋನ್. ಅವನಿಗೆ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದೆ. ಆರೋಗ್ಯವಂತ 10 ಯುವಕರನ್ನು ಒಂದು ವಾರ ರಾತ್ರಿಗೆ ಐದೇ ಗಂಟೆ ಮಲಗಿಸಿದಾಗ ಹಗಲಿನ ಟೆಸ್ಟೋಸ್ಟೆರಾನ್ ಶೇಕಡಾ 10ರಿಂದ 15ರಷ್ಟು ಇಳಿದಿತ್ತು. ಸಣ್ಣ ಪ್ರಯೋಗವೇ, ಆದರೂ ಹಣ ಕೊಟ್ಟು ಡಬ್ಬಿಯಲ್ಲಿ ತರುವುದನ್ನು ಹಾಸಿಗೆಯಲ್ಲಿ ಕಳೆದುಕೊಳ್ಳುತ್ತಿದ್ದೀಯಲ್ಲ ಎಂದೆ. ಹದಿಹರೆಯದ ಆಟಗಾರರಲ್ಲಿ ಎಂಟು ಗಂಟೆಗಿಂತ ಕಡಿಮೆ ಮಲಗುವವರಿಗೆ ಪೆಟ್ಟಾಗುವ ಸಾಧ್ಯತೆ 1.7 ಪಟ್ಟು ಎಂದು 2014ರ ಒಂದು ಅಮೆರಿಕನ್ ಅಧ್ಯಯನ ಹೇಳಿದೆ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು.

ಗೊರಕೆಯ ನಡುವೆ ಉಸಿರು ಕಟ್ಟಿದಂತಾಗಿ ಥಟ್ಟನೆ ಏಳುವವರು, ಎಂಟು ಗಂಟೆ ಮಲಗಿಯೂ ಹಗಲು ತೂಕಡಿಸುವವರು ಬಂದರೆ ನಾನು ದಿಂಬಿನ ಸಲಹೆ ಕೊಡಲು ಹೋಗುವುದಿಲ್ಲ, ನೇರ ವೈದ್ಯರ ಬಳಿ ಕಳುಹಿಸುತ್ತೇನೆ. ಅವರು ವಾಹನ ಓಡಿಸುವವರಾದರೆ ಅದೇ ವಾರ. ರಾತ್ರಿ ಬಸ್ಸಿನ ಚಾಲಕರಿಗೆ ಕೋಣೆಯನ್ನು ಕತ್ತಲು ಮಾಡಿ ಹಗಲು ಒಂದೇ ಹೊತ್ತಿಗೆ ಮಲಗಿ ಎನ್ನುವುದರ ಆಚೆಗೆ ನನ್ನ ಬಳಿ ಹೆಚ್ಚೇನೂ ಇಲ್ಲ. ಬೆಳಗಿನವರೆಗೆ ಯಕ್ಷಗಾನ ನೋಡಿ ಬಂದವರನ್ನು ನಾನು ಬೈಯುವುದಿಲ್ಲ. ವರ್ಷಕ್ಕೆ ನಾಲ್ಕು ರಾತ್ರಿ ಆಟ ನೋಡಿದ್ದರಿಂದ ಯಾರ ಭುಜವೂ ಕೆಟ್ಟಿಲ್ಲ, ಮರುದಿನ ಮರ ಹತ್ತಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ನನ್ನ ತಪಾಸಣೆಯ ಹಾಳೆಯಲ್ಲಿ ಈಗ ನೋವಿನ ಅಂಕಕ್ಕಿಂತ ಮೇಲೆ ನಿನ್ನೆ ರಾತ್ರಿಯ ಲೆಕ್ಕ ಇದೆ: ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಸಲ ಎಚ್ಚರವಾಯಿತು, ಯಾವ ಮಗ್ಗುಲು, ಕೊನೆಯ ಚಹಾ ಎಷ್ಟು ಗಂಟೆಗೆ. 'ಸಾಮಾನ್ಯವಾಗಿ ಎಷ್ಟು ನಿದ್ದೆ ಮಾಡುತ್ತೀರಿ' ಎಂದು ಕೇಳಿದರೆ ಎಲ್ಲರೂ 'ಚೆನ್ನಾಗಿದೆ' ಎನ್ನುತ್ತಾರೆ. ನಿನ್ನೆಯದನ್ನು ಕೇಳಿದರೆ ಬೆರಳು ಮಡಿಚಿ ಎಣಿಸುತ್ತಾರೆ. ಎಣಿಸುತ್ತಾ ಎಷ್ಟೋ ಸಲ ತಾವೇ ನಿಂತುಬಿಡುತ್ತಾರೆ. ನಾಲ್ಕು ಗಂಟೆಗಿಂತ ಕಡಿಮೆ ಎಂದು ಬಂದ ದಿನ ನಾನು ವ್ಯಾಯಾಮದ ಭಾರ ಹೆಚ್ಚಿಸುವುದಿಲ್ಲ, ಅವರು ಎಷ್ಟೇ ಒತ್ತಾಯಿಸಲಿ.

ಕಳೆದ ವಾರ ಆ ಕೊನೆಗಾರರ ಮನೆಗೆ ಅವರ ತಾಯಿಯ ಮಂಡಿ ನೋಡಲು ಹೋಗಿದ್ದೆ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಅಡಿಕೆ ಬೇಯಿಸುವ ಒಲೆಯ ಪಕ್ಕದ ಗೋಡೆಯಲ್ಲಿ ಇದ್ದಿಲಿನಿಂದ ವಾರದ ಏಳು ದಿನಗಳನ್ನು ಬರೆದಿದ್ದು ಕಂಡಿತು. ಒಂದು ಬಿಟ್ಟು ಒಂದರ ಮುಂದೆ ತಮ್ಮನ ಹೆಸರು. ಭಾನುವಾರದ ಮುಂದೆ ಯಾರ ಹೆಸರೂ ಇರಲಿಲ್ಲ. ಆ ರಾತ್ರಿ ಒಲೆ ಹಚ್ಚುವುದಿಲ್ಲ ಎಂದು ಅವರ ಹೆಂಡತಿ ಹೇಳಿದರು.