ವಾಯವ್ಯದ ಗಾಳಿಯಲ್ಲಿ ಅವಾಜಿಯ ಪಶ್ಚಿಮ ತೀರ

ಅವಾಜಿ ದ್ವೀಪವನ್ನು ಸೈಕಲ್‌ನಲ್ಲಿ ಸುತ್ತುವವರು ಬಹುಪಾಲು ಪ್ರದಕ್ಷಿಣವಾಗಿಯೇ ಸುತ್ತುತ್ತಾರೆ. ಜಪಾನಿನಲ್ಲಿಯೂ ನಮ್ಮಲ್ಲಿಯಂತೆ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ, ಹಾಗೆ ಹೊರಟವರಿಗೆ ಸಮುದ್ರ ದಾರಿಯುದ್ದಕ್ಕೂ ಎಡಗೈ ಪಕ್ಕದಲ್ಲೇ ಇರುತ್ತದೆ. ನೋಟಕ್ಕೆ ಎದುರು ವಾಹನಗಳ ಸಾಲು ಅಡ್ಡ ಬರುವುದಿಲ್ಲ. ಉತ್ತರ ತುದಿಯ ಇವಾಯಾ ಬಂದರಿನಿಂದ ಹೊರಟು ಅಲ್ಲಿಗೇ ಮರಳುವ ಈ ಸುತ್ತು ಸುಮಾರು 150 ಕಿ.ಮೀ. ಉದ್ದವಿದೆ. ಗಟ್ಟಿಗರು ಒಂದೇ ದಿನದಲ್ಲಿ ಮುಗಿಸುತ್ತಾರೆ. ನಾನೂ ನನ್ನ ಗೆಳೆಯನೂ ಅದನ್ನು ಎರಡು ಪಾಲು ಮಾಡಿಕೊಂಡು, ಪೂರ್ವ ತೀರವನ್ನೂ ದಕ್ಷಿಣದ ಕಡಿದಾದ ಏರುದಾರಿಗಳನ್ನೂ ಮೊದಲ ದಿನ ದಾಟಿ, ಫುಕುರಾ ಬಂದರಿನ ಒಂದು ಸಣ್ಣ ವಸತಿಗೃಹದಲ್ಲಿ ತಂಗಿದ್ದೆವು. ಇಲ್ಲಿ ಬರೆಯುತ್ತಿರುವುದು ಮರುದಿನದ ಗಾಳಿಯ ಕುರಿತು.

ಪೂರ್ವ ತೀರದಲ್ಲಿ ನಮಗೆ ಗಾಳಿಯ ಬಲ ಅಷ್ಟಾಗಿ ತಟ್ಟಿರಲಿಲ್ಲ, ಏಕೆಂದರೆ ದ್ವೀಪದ ನಡುವಿನ ಗುಡ್ಡಸಾಲು ಆ ಬದಿಗೆ ಮರೆಯಾಗಿ ನಿಂತಿದೆ. ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ಅಧಿಕ ಒತ್ತಡವೂ ಜಪಾನಿನ ಪೂರ್ವಕ್ಕಿರುವ ಸಾಗರದ ಮೇಲೆ ಕಡಿಮೆ ಒತ್ತಡವೂ ನೆಲೆಸಿದಾಗ, ಅವೆರಡರ ನಡುವೆ ವಾಯವ್ಯದಿಂದ ಗಾಳಿ ಬೀಸತೊಡಗುತ್ತದೆ. ಅದು ಜಪಾನಿನ ಮುಖ್ಯ ದ್ವೀಪವಾದ ಹೊನ್ಶುವಿನ ಬೆಟ್ಟಗಳನ್ನು ದಾಟಿ, ಹರಿಮಾ ನಾದಾ ಎಂಬ ಒಳಸಮುದ್ರದ ಮೇಲೆ ಅಡೆತಡೆಯಿಲ್ಲದೆ ಹಾದು ಬಂದಾಗ ಎದುರಾಗುವ ನೆಲವೇ ಅವಾಜಿಯ ಪಶ್ಚಿಮ ತೀರ. ಫೆಬ್ರವರಿ ಕೊನೆಯ ಆ ಬೆಳಿಗ್ಗೆ ಹವಾಮಾನ ಇಲಾಖೆಯವರು ಬಿರುಗಾಳಿಯ ಬಗ್ಗೆ ಎಚ್ಚರಿಕೆಯ ಸೂಚನೆ ಕೊಟ್ಟಿದ್ದರು. ಜಪಾನಿನಲ್ಲಿ ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಹೇಳುವುದು ರೂಢಿ. ಅಂದಿನ ಮುನ್ಸೂಚನೆ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ನಾವು ಅದನ್ನು ನೋಡಿಯೇ ಹೊರಟೆವು. ಚಳಿಗಾಲದ ಅವಾಜಿಯನ್ನು ನೋಡಬೇಕೆಂದರೆ ಈ ಗಾಳಿಯಲ್ಲಿ ನೋಡಬೇಕು ಎಂಬುದು ನನ್ನ ಅಭಿಪ್ರಾಯವಾಗಿತ್ತು, ಈಗಲೂ ಹಾಗೆಯೇ ಇದೆ. ವಸತಿಗೃಹದ ಅಜ್ಜಿ ಬಾಗಿಲವರೆಗೂ ಬಂದು, "ಇವತ್ತು ಪಡುಗಾಳಿ ಜೋರಾಗಿದೆ, ಅವಸರ ಮಾಡಬೇಡಿ. ಎಯಿ ಊರಿನಲ್ಲಿ ನಿಂತು ಸುಧಾರಿಸಿಕೊಂಡು ಮುಂದೆ ಹೋಗಿ" ಎಂದು ಹೇಳಿ, ಕಾಗದದಲ್ಲಿ ಸುತ್ತಿದ ಅನ್ನದ ಉಂಡೆಗಳನ್ನು ಕೈಗಿತ್ತರು.

ಫುಕುರಾದಿಂದ ಗುಡ್ಡ ಹತ್ತಿ ಇಳಿದರೆ ಅನಾಗಾ. ಅಲ್ಲಿಂದ ರಸ್ತೆ ಉತ್ತರದ ಕಡೆಗೆ ಸಾಗುತ್ತದೆ, ಬೆಳಗಿನ ಗಾಳಿಯೂ ಉತ್ತರಕ್ಕೆ ವಾಲಿದ್ದರಿಂದ ಅದು ಪೂರ್ತಿಯಾಗಿ ಎದೆಗೇ ಬಡಿಯುತ್ತಿತ್ತು. ಸೈಕಲ್ ತುಳಿಯುವವರಿಗೆ ಎದುರುಗಾಳಿಯ ಲೆಕ್ಕ ನಿರ್ದಯವಾದದ್ದು. ಗಾಳಿಯ ತಡೆ ಅದರ ಸಾಪೇಕ್ಷ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿಯಿಲ್ಲದ ದಿನ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುವವನಿಗೆ ಎಷ್ಟು ತಡೆಯುಂಟೋ, 36 ಕಿ.ಮೀ. ವೇಗದ ಎದುರುಗಾಳಿಯಲ್ಲಿ ಅದೇ ವೇಗ ಕಾಯ್ದುಕೊಳ್ಳಬೇಕೆಂದರೆ ಅದರ ಸುಮಾರು 11.5 ಪಟ್ಟು ತಡೆಯನ್ನು ಎದುರಿಸಬೇಕು. ಯಾರೂ ಹಾಗೆ ಕಾಯ್ದುಕೊಳ್ಳಲಾರರು. ನಾವು ಗೇರ್ ಇಳಿಸಿ, ಮೊಣಕೈ ಮಡಿಸಿ, ಹ್ಯಾಂಡಲ್ ಮೇಲೆ ಬಾಗಿ, ಒಬ್ಬರ ಹಿಂದೆ ಒಬ್ಬರು ಹತ್ತಿರ ಹತ್ತಿರ ಸೇರಿಕೊಂಡು, ಕೆಲವು ನಿಮಿಷಗಳಿಗೊಮ್ಮೆ ಮುಂದಿನವರು ಹಿಂದಾಗುತ್ತಾ ಸಾಗಿದೆವು. ಮುಂದಿರುವಾಗ ಕಿವಿಯಲ್ಲಿ ಗಾಳಿಯ ಮೊರೆತವೊಂದನ್ನು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಹಿಂದೆ ಸರಿದ ಕೂಡಲೇ ಚೈನಿನ ಸದ್ದು, ಗೆಳೆಯನ ಉಸಿರು, ದೂರದ ಅಲೆ ಎಲ್ಲವೂ ಮರಳಿ ಬರುತ್ತಿದ್ದವು.

ಆ ದಾರಿಯಲ್ಲಿ ತ್ಸುಯಿ ಎಂಬ ಊರಿದೆ. ಮನೆಯ ಹೆಂಚುಗಳಿಗೆ ಹೆಸರಾದ ಜಪಾನಿನ ಮೂರು ಪ್ರದೇಶಗಳಲ್ಲಿ ಅವಾಜಿ ಒಂದು, ಅದರ ಹೆಂಚಿನ ಗೂಡುಗಳು ಹೆಚ್ಚಾಗಿ ಇರುವುದು ತ್ಸುಯಿಯ ಸುತ್ತಮುತ್ತ. ಬೆಂದ ಹೆಂಚಿಗೆ ಕೊನೆಯಲ್ಲಿ ಹೊಗೆ ಹಿಡಿಸುವುದರಿಂದ ಅದರ ಮೈಮೇಲೆ ಇಂಗಾಲದ ಪದರ ಕುಳಿತು, ಬೆಳ್ಳಿಯ ಹೊಳಪುಳ್ಳ ಬೂದುಬಣ್ಣ ಬರುತ್ತದೆ. ಒಂದು ಕಾರ್ಖಾನೆಯ ಗೋಡೆಯ ಮರೆಯಲ್ಲಿ ನಿಂತು ನೀರು ಕುಡಿಯುವಾಗ, ಅಲ್ಲಿ ಪೇರಿಸಿಟ್ಟಿದ್ದ ಹೆಂಚೊಂದನ್ನು ಕೇಳಿ ಕೈಗೆತ್ತಿಕೊಂಡು ನೋಡಿದೆ. ಬಾಗು ಒಂದೇ ಸಮನಾಗಿತ್ತು, ಮೈ ನುಣುಪಾಗಿತ್ತು, ನಾನು ಎಣಿಸಿದ್ದಕ್ಕಿಂತ ಬಹಳ ಭಾರವಾಗಿತ್ತು. ಚಂಡಮಾರುತಗಳಿಗೆ ಮೈಯೊಡ್ಡಿ ನಿಲ್ಲಬೇಕಾದ ಛಾವಣಿಗೆ ಈ ಭಾರ ಬೇಕು. ಇದೇ ಭಾರದ ಕಾರಣಕ್ಕೆ, ಅವಾಜಿಯನ್ನೂ ಎದುರು ದಡದ ಕೋಬೆ ನಗರವನ್ನೂ ನಡುಗಿಸಿದ 1995ರ ಭೂಕಂಪದ ನಂತರ ಹೆಂಚಿನ ಛಾವಣಿಗಳ ಬಗ್ಗೆ ಜನರಲ್ಲಿ ಅಂಜಿಕೆ ಬೆಳೆದು, ಬೇಡಿಕೆ ತಗ್ಗಿತು. ಗಾಳಿಗೆ ಬೇಕಾದದ್ದು ಭೂಮಿ ನಡುಗುವಾಗ ಬೇಡವಾಗುವ ಈ ಸಂಕಟ ಆ ಊರಿನ ಕುಶಲಕರ್ಮಿಗಳದು, ಅದಕ್ಕೆ ಸುಲಭವಾದ ಉತ್ತರವಿಲ್ಲ.

ಮಿನಾತೊ ದಾಟಿ ಕೇಯಿನೊ ಮಾತ್ಸುಬಾರಾದ ಪೈನ್ ತೋಪಿನ ನೆರಳಿಗೆ ಸೇರಿದಾಗ ಗಾಳಿ ಥಟ್ಟನೆ ನಿಂತಂತಾಯಿತು. ಸುಮಾರು 2.5 ಕಿ.ಮೀ. ಉದ್ದದ ಮರಳ ದಂಡೆಯ ಹಿಂದೆ ಕಪ್ಪು ತೊಗಟೆಯ ಪೈನ್ ಮರಗಳು ದಟ್ಟವಾಗಿ ನಿಂತಿವೆ. ಕಡಲಿನ ಕಡೆಯ ಸಾಲಿನ ಮರಗಳು ಒಳನಾಡಿನತ್ತ ಬಾಗಿ ಬೆಳೆದಿದ್ದವು. ಇಲ್ಲಿ ಕುಳಿತು ಅಜ್ಜಿ ಕೊಟ್ಟ ಅನ್ನದ ಉಂಡೆಗಳನ್ನು ತಿಂದೆವು.

ತೋಪಿನಿಂದ ಹೊರಬಿದ್ದ ಮೇಲೆ ತೀರ ಈಶಾನ್ಯಕ್ಕೆ ತಿರುಗುತ್ತದೆ. ಅಷ್ಟರಲ್ಲಿ ಗಾಳಿಯೂ ಸರಿಯಾಗಿ ವಾಯವ್ಯಕ್ಕೆ ತಿರುಗಿದ್ದರಿಂದ, ಎದುರುಗಾಳಿ ಹೋಗಿ ಎಡಪಕ್ಕದ ಅಡ್ಡಗಾಳಿ ಶುರುವಾಯಿತು. ದೂರದಿಂದ ಕೇಳಿದವರಿಗೆ ಇದು ಹಗುರವೆನಿಸಬಹುದು. ವಾಸ್ತವದಲ್ಲಿ ಇಡೀ ದಿನದ ಅತ್ಯಂತ ಎಚ್ಚರದ ಭಾಗ ಇದೇ. ಸಮುದ್ರ ಎಡಕ್ಕಿರುವ ಕಾರಣಕ್ಕೆ ನಾವು ಆರಿಸಿಕೊಂಡ ಪ್ರದಕ್ಷಿಣೆಯ ದಾರಿಯಲ್ಲಿ, ಅದೇ ಸಮುದ್ರದಿಂದ ಬರುವ ಗಾಳಿ ಸೈಕಲನ್ನು ಬಲಕ್ಕೆ, ಅಂದರೆ ವಾಹನಗಳು ಹೋಗುವ ಕಡೆಗೇ ತಳ್ಳುತ್ತದೆ. ಎದುರುಗಾಳಿಯಲ್ಲಿ ಮುಂದಿನವರ ಬೆನ್ನಹಿಂದೆ ಸಿಗುವ ಮರೆ ಅಡ್ಡಗಾಳಿಯಲ್ಲಿ ಅವರ ಬಲ ಹಿಂಬದಿಗೆ ಸರಿದು ರಸ್ತೆಯ ನಡುವಿಗೆ ಬೀಳುವುದರಿಂದ, ಅದನ್ನು ಬಳಸಿಕೊಳ್ಳುವಂತೆಯೂ ಇಲ್ಲ. ಮನೆಗಳ ಸಾಲು, ಮೀನುಗಾರರ ಉಗ್ರಾಣ, ಅಲೆತಡೆ ಗೋಡೆ ಇವುಗಳ ಮರೆಯಲ್ಲಿ ಸಾಗುವಾಗ ನೆಟ್ಟಗಿರುವ ಸೈಕಲ್, ಗೋಡೆ ಮುಗಿದ ಜಾಗದಲ್ಲಿ ಒಮ್ಮೆಗೇ ಪಕ್ಕಕ್ಕೆ ಸರಿಯುತ್ತದೆ. ದೊಡ್ಡ ಲಾರಿಯೊಂದು ಎದುರಿನಿಂದ ಬಂದರೆ ಗಾಳಿ ಕ್ಷಣಕಾಲ ಅದರ ಮೈಗೆ ಬಡಿದು ಚೆಲ್ಲಾಪಿಲ್ಲಿಯಾಗಿ, ಎಡಬಲಗಳ ಅಂದಾಜೇ ತಪ್ಪುತ್ತದೆ. ಹಾಗಾಗಿ ನಾವು ಒಬ್ಬರಿಂದೊಬ್ಬರು ಸಾಕಷ್ಟು ದೂರವಿಟ್ಟು, ಗೋಡೆಯ ಕೊನೆ ಕಂಡಾಗಲೆಲ್ಲ ವೇಗ ತಗ್ಗಿಸಿ, ಮೈಯನ್ನು ಸ್ವಲ್ಪ ಕಡಲಿನ ಕಡೆಗೆ ವಾಲಿಸಿಕೊಂಡು ಹೋದೆವು. ಹಿಂದಿನಿಂದ ಬರುತ್ತಿದ್ದ ಕಾರಿನವರು ಹಾರ್ನ್ ಹೊಡೆಯದೆ, ಎದುರಿನ ರಸ್ತೆ ಪೂರ್ತಿ ತೆರವಾಗುವವರೆಗೂ ಕಾದು, ನಮ್ಮಿಂದ ಬಹಳ ದೂರ ಸರಿದು ಮುಂದೆ ಹೋಗುತ್ತಿದ್ದರು. ಆ ಸಹನೆಗೆ ನಾನು ಋಣಿ.

ತ್ಸುಶಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. 1769ರಲ್ಲಿ ಈ ಊರಿನಲ್ಲಿ ಹುಟ್ಟಿದ ತಕಾದಾಯಾ ಕಾಹೇಯಿ ಹಾಯಿಹಡಗುಗಳ ವ್ಯಾಪಾರದಿಂದ ಬೆಳೆದು, ಉತ್ತರದ ಎತೊರೊಫು ದ್ವೀಪದವರೆಗೂ ಜಲಮಾರ್ಗ ತೆರೆದವನು. 1812ರಲ್ಲಿ ರಷ್ಯನ್ನರ ಸೆರೆಯಾಗಿ, ಮರುವರ್ಷ ಎರಡೂ ದೇಶಗಳ ನಡುವಿನ ಬಿಕ್ಕಟ್ಟನ್ನು ಮಾತುಕತೆಯಿಂದ ಬಿಡಿಸಲು ನೆರವಾದವನು. ಇಂಥ ಗಾಳಿಯ ತೀರದಲ್ಲಿ ಬೆಳೆದ ಹುಡುಗನೊಬ್ಬ ಹಾಯಿಯ ವಿದ್ಯೆಯಲ್ಲಿ ಪಳಗಿದನೆಂದರೆ ಅಂದು ನನಗೆ ಆಶ್ಚರ್ಯವೆನಿಸಲಿಲ್ಲ.

ಎಯಿ ಊರು ಬರುವ ಮೊದಲೇ ಅದರ ಪರಿಮಳ ಸಿಗುತ್ತದೆ ಎಂದು ಕೇಳಿದ್ದೆ. ಅಂದು ಗಾಳಿ ಅದನ್ನೆಲ್ಲ ಗುಡ್ಡದ ಕಡೆಗೆ ಹೊತ್ತೊಯ್ಯುತ್ತಿದ್ದುದರಿಂದ, ಊರೊಳಗಿನ ಓಣಿ ಹೊಕ್ಕ ಮೇಲೆಯೇ ಗಂಧ ಮೂಗಿಗೆ ಬಂತು. ಜಪಾನಿನಲ್ಲಿ ತಯಾರಾಗುವ ಊದುಬತ್ತಿಯಲ್ಲಿ ಸುಮಾರು ಶೇಕಡಾ 70ರಷ್ಟು ಅವಾಜಿ ದ್ವೀಪದ್ದು, ಅದರ ಕೇಂದ್ರ ಈ ಪುಟ್ಟ ಬಂದರು. ಜಪಾನಿನ ಪರಿಸರ ಸಚಿವಾಲಯ 2001ರಲ್ಲಿ ಆಯ್ದ ನೂರು ಪರಿಮಳದ ತಾಣಗಳಲ್ಲಿ ಇಲ್ಲಿನ ಊದುಬತ್ತಿಯ ಕೆಲಸವೂ ಸೇರಿದೆ. 1850ರಲ್ಲಿ ಸಾಕಾಯಿ ಪಟ್ಟಣದಿಂದ ಈ ಕಸುಬು ಇಲ್ಲಿಗೆ ಬಂದು ಬೇರೂರಿದ್ದು ಗಾಳಿಯ ದೆಸೆಯಿಂದ. ಚಳಿಗಾಲವಿಡೀ ಪಡುಗಾಳಿ ಬೀಸುವುದರಿಂದ ದೋಣಿಗಳು ಕಡಲಿಗೆ ಇಳಿಯುವಂತಿರಲಿಲ್ಲ; ಮನೆಯಲ್ಲಿ ಕೈಕಟ್ಟಿ ಕೂರುವ ಮೀನುಗಾರ ಕುಟುಂಬಗಳಿಗೆ ಒಂದು ಕೆಲಸ ಬೇಕಿತ್ತು. ಹಸಿ ಬತ್ತಿಯನ್ನು ಒಣಗಿಸಲು ಅದೇ ಗಾಳಿ ಹೇಳಿ ಮಾಡಿಸಿದಂತಿತ್ತು.

ನೋಡಲು ಬಂದವರಿಗೆ ಅವಕಾಶ ಕೊಡುವ ಒಂದು ಕಾರ್ಖಾನೆಯಲ್ಲಿ ಹಿರಿಯ ಕೆಲಸಗಾರರೊಬ್ಬರು ನಮ್ಮನ್ನು ಒಳಗೆ ಕರೆದರು. ಕಲಸಿದ ಹಿಟ್ಟು ಯಂತ್ರದ ತೂತುಗಳಿಂದ ಶಾವಿಗೆಯಂತೆ ಎಳೆಎಳೆಯಾಗಿ ಇಳಿಯುತ್ತಿತ್ತು. ಅದನ್ನು ಮರದ ಹಲಗೆಯ ಮೇಲೆ ಹಿಡಿದು, ಒಂದರ ಪಕ್ಕ ಒಂದು ಸರಿಯಾಗಿ ಕೂಡಿಸಿ, ಅಂಚುಗಳನ್ನು ಕತ್ತರಿಸಿ, ಹಲಗೆಗಳನ್ನು ಒಣಗುವ ಕೋಣೆಗೆ ಒಯ್ಯುತ್ತಿದ್ದರು. ಆ ಕೋಣೆಯ ಪಶ್ಚಿಮದ ಗೋಡೆಯಲ್ಲಿ ಅಗಲವಾದ ಮರದ ಪಟ್ಟಿಗಳ ಕಿಟಕಿಗಳಿದ್ದವು. ಗಾಳಿ ಹೆಚ್ಚಿದರೆ ಬತ್ತಿ ಬೇಗ ಒಣಗಿ ಬಾಗುತ್ತದೆ, ಕಡಿಮೆಯಾದರೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಪಟ್ಟಿಗಳನ್ನು ದಿನದ ಗಾಳಿಗೆ ತಕ್ಕಂತೆ ತೆರೆದು ಮುಚ್ಚಬೇಕು. ಅಂದು ಅವನ್ನು ಬೆರಳ ದಪ್ಪದಷ್ಟು ಮಾತ್ರ ತೆರೆದಿದ್ದರು. ಹೊರಗೆ ನಮ್ಮನ್ನು ರಸ್ತೆಯ ನಡುವಿಗೆ ತಳ್ಳುತ್ತಿದ್ದ ಗಾಳಿ, ಒಳಗೆ ಆ ಸಂದಿಯಿಂದ ಹದವಾಗಿ ಬಂದು ಹಲಗೆಗಳ ಮೇಲೆ ಹಾಯುತ್ತಿತ್ತು. ನಾನು ಸಂದಿಯ ಬಳಿ ಅಂಗೈ ಹಿಡಿದೆ. ಗಾಳಿ ತಣ್ಣಗಿತ್ತು, ಒಣಗಿತ್ತು, ಅದರಲ್ಲಿ ಉಪ್ಪಿನ ವಾಸನೆಯಿತ್ತು.

ಮೈಸೂರಿನಲ್ಲಿ ಬೆಳೆದವನಿಗೆ ಊದುಬತ್ತಿ ಹೊಸತಲ್ಲ. ನಮ್ಮ ಬೀದಿಯಲ್ಲಿ ಹೆಂಗಸರು ಜಗಲಿಯ ಮೇಲೆ ಕುಳಿತು, ಮಣೆಯ ಮೇಲೆ ಬಿದಿರು ಕಡ್ಡಿಗೆ ಹಿಟ್ಟು ಉಜ್ಜಿ ಹೊಸೆಯುತ್ತಿದ್ದುದನ್ನು ದಿನವೂ ನೋಡಿದ್ದೆ. ಎಯಿಯ ಬತ್ತಿಯಲ್ಲಿ ಕಡ್ಡಿಯೇ ಇಲ್ಲ, ಅದು ಪೂರ್ತಿಯಾಗಿ ಪುಡಿಯದೇ ಎಳೆ. ಹೀಗಾಗಿ ಒಣಗಿಸುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಮುರಿಯುತ್ತದೆ. ಅಂಟಿಗೆ ಏನು ಹಾಕುತ್ತೀರೆಂದು ಕೇಳಿದಾಗ ಆ ಹಿರಿಯರು ತಾಬು ಮರದ ಪುಡಿಯನ್ನು ಚಿಟಿಕೆಯಷ್ಟು ನನ್ನ ಅಂಗೈಗೆ ಹಾಕಿ, ಎರಡು ಹನಿ ನೀರು ಬಿಟ್ಟರು. ಬೆರಳಿನಿಂದ ತಿಕ್ಕಿದೊಡನೆ ಅದು ಲೋಳೆಯಾಗಿ ಹಿಡಿದುಕೊಂಡಿತು. ನಮ್ಮ ಮಲೆನಾಡಿನ ಗುಳಮಾವು ಇದೇ ಕುಲದ ಮರ. ಅದರ ತೊಗಟೆಯ ಪುಡಿಯನ್ನು ನಮ್ಮ ಅಗರಬತ್ತಿಯವರು ಇದೇ ಕೆಲಸಕ್ಕೆ ಬಳಸುತ್ತಾ ಬಂದಿದ್ದಾರೆ, ಕದ್ದು ತೊಗಟೆ ಸುಲಿಯುವವರ ಕೈಗೆ ಸಿಕ್ಕು ಅನೇಕ ಮರಗಳು ಒಣಗಿ ನಿಂತಿವೆ. ಇದನ್ನು ಅವರಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ನಿಮ್ಮ ಮೈಸೂರಿನ ಗಂಧದ ಮರ ಹೇಗಿದೆ?" ಎಂದು ವಿಚಾರಿಸಿದರು. ಮೈಸೂರು ಸೀಮೆಯ ಶ್ರೀಗಂಧಕ್ಕೆ ಜಪಾನಿನ ಊದುಬತ್ತಿಯವರಲ್ಲಿ ಬಹುಕಾಲದಿಂದ ಮೇಲಿನ ಸ್ಥಾನವಿದೆ. ಕಳ್ಳಸಾಗಣೆಯಿಂದ ಕಾಡಿನ ಗಂಧ ಬರಿದಾದದ್ದನ್ನೂ, 2001ರಲ್ಲಿ ಕರ್ನಾಟಕದ ಕಾನೂನು ಬದಲಾಗಿ ಬೆಳೆದ ರೈತನಿಗೇ ಮರದ ಹಕ್ಕು ಸಿಕ್ಕಿದ್ದನ್ನೂ ನನಗೆ ತಿಳಿದ ಜಪಾನಿ ಭಾಷೆಯಲ್ಲಿ ವಿವರಿಸಿದೆ. ಗೆಳೆಯ ಗಡಿಯಾರ ತೋರಿಸದಿದ್ದರೆ ನಾನು ಅಲ್ಲಿಂದ ಏಳುತ್ತಿರಲಿಲ್ಲ.

ಗುಂಗೆ, ಮುರೊತ್ಸು ದಾಟುವ ಹೊತ್ತಿಗೆ ಅಲೆಗಳು ತಡೆಗೋಡೆಗೆ ಬಡಿದು ತುಂತುರು ರಸ್ತೆಗೆ ಹಾರುತ್ತಿತ್ತು, ಕನ್ನಡಕದ ಮೇಲೆ ಉಪ್ಪು ಕಟ್ಟುತ್ತಿತ್ತು. ತೊಶಿಮಾದ ನಂತರ ಸಿಗುವ ನೊಜಿಮಾ ಬಿರುಕಿನ ಸ್ಮಾರಕದಲ್ಲಿ, 1995ರ ಜನವರಿ 17ರ ಬೆಳಗಿನ 5.46ಕ್ಕೆ ನೆಲ ಬಿರಿದ ಗುರುತನ್ನು ಕಟ್ಟಡದೊಳಗೆ ಹಾಗೆಯೇ ಉಳಿಸಿದ್ದಾರೆ. ಬೇಲಿಯೂ ಕಾಲುವೆಯೂ ಬಿರುಕಿನ ಎರಡು ಬದಿಗಳಲ್ಲಿ ಸರಿದು ನಿಂತಿವೆ. ಆ ಭೂಕಂಪದಲ್ಲಿ 6,434 ಜನ ತೀರಿಕೊಂಡರು. ಅಂದು ಗಾಳಿ ಬಲವಾಗಿರಲಿಲ್ಲ. ಹಾಗಿದ್ದೂ ಕೋಬೆಯ ನಾಗಾತಾ ಭಾಗದಲ್ಲಿ ಬೆಂಕಿ ಬೀದಿ ಬೀದಿಗಳನ್ನೇ ಸುಟ್ಟಿತು. ನಾವು ತುಳಿದುಕೊಂಡು ಬಂದ ಗಾಳಿ ಅಂದು ಬೆಳಿಗ್ಗೆ ಬೀಸಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಮುಂದಿನ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ.

ಇವಾಯಾದಲ್ಲಿ ನಮಗಿದ್ದ ಚಿಂತೆ ದೋಣಿಯದು. ಆಕಾಶಿ ಜಲಸಂಧಿಯ ಸೇತುವೆ ಹೆದ್ದಾರಿಗೆ ಮೀಸಲು, ಅದರ ಮೇಲೆ ಸೈಕಲ್ ಬಿಡುವುದಿಲ್ಲ. ಸೈಕಲ್‌ನವರು ಆಚೆ ಹೋಗಬೇಕಾದದ್ದು ಆಕಾಶಿಗೆ 13 ನಿಮಿಷದಲ್ಲಿ ಮುಟ್ಟಿಸುವ ದೋಣಿಯಲ್ಲೇ, ಗಾಳಿ ಮಿತಿ ಮೀರಿದರೆ ಅದು ನಿಲ್ಲುತ್ತದೆ. ಟಿಕೆಟ್ ಕೊಡುವವರು ಫೋನಿನಲ್ಲಿ ವಿಚಾರಿಸಿ, ಈಗಿನದು ಹೊರಡುತ್ತದೆ, ಮುಂದಿನದರ ಬಗ್ಗೆ ಭರವಸೆ ಕೊಡಲಾರೆ ಎಂದರು. ಹತ್ತಿಕೊಂಡೆವು. ಸಿಬ್ಬಂದಿ ಸೈಕಲ್‌ಗಳನ್ನು ಹಗ್ಗದಿಂದ ಬಿಗಿದು, ನಮಗೆ ಒಳಗೆ ಕೂರಲು ಹೇಳಿದರು. ದೋಣಿ ಸೇತುವೆಯ ಪಕ್ಕದ ನೀರಿನಲ್ಲಿ ಜೋರಾಗಿ ಹೊಯ್ದಾಡಿತು. ಗೆಳೆಯ ಕಂಬಿ ಹಿಡಿದುಕೊಂಡೇ, ಬರುವ ಚಳಿಗಾಲದಲ್ಲಿ ಒಂದು ರಾತ್ರಿ ಎಯಿಯಲ್ಲೇ ಉಳಿದು ಬತ್ತಿ ಒಣಗಿಸುವ ಕೆಲಸವನ್ನು ಬೆಳಗಿನಿಂದ ನೋಡೋಣ ಎಂದ. ಆಕಾಶಿಯಲ್ಲಿ ಇಳಿದು, ಸೈಕಲ್‌ಗಳನ್ನು ಬಿಚ್ಚಿ ಚೀಲಕ್ಕೆ ತುಂಬಿಕೊಂಡು ರೈಲು ಹತ್ತುವಷ್ಟರಲ್ಲಿ, ಯಾವ ವಾರ ಹೋಗುವುದೆಂದೂ ಗೊತ್ತುಮಾಡಿಕೊಂಡಿದ್ದೆವು.