ಎಸ್‌ಎಟಿ ಪರೀಕ್ಷೆಯ ವ್ಯಾಕರಣಕ್ಕೆ ನೆರವಾದ ಶಾಲೆಯ ಕನ್ನಡ ವ್ಯಾಕರಣ

ಅಕ್ಕನ ಮಗಳು ಅಮೆರಿಕದ ಕಾಲೇಜುಗಳಿಗೆ ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಗೆ ಓದಲು ಕುಳಿತಾಗ ಅವಳಿಗೆ ಇಂಗ್ಲಿಷ್ ವ್ಯಾಕರಣ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಾನು, ಎಲ್‌ಕೆಜಿಯಿಂದಲೇ ಇಂಗ್ಲಿಷ್‌ನಲ್ಲಿ ಓದಿದವಳಿಗೆ ಏನು ಕಲಿಸಲಿ ಎಂದು ಮೊದಲು ಹಿಂಜರಿದೆ. ಆದರೆ ಮಾದರಿ ಪರೀಕ್ಷೆಗಳಲ್ಲಿ ಅವಳು ಮಾಡಿದ ತಪ್ಪುಗಳನ್ನು ಒಂದೊಂದಾಗಿ ನೋಡಿದಾಗ ಕಾರಣ ತಿಳಿಯಿತು. ಅವಳು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ಓದಿಕೊಂಡು, ಕಿವಿಗೆ ಹಿತವೆನಿಸಿದ ಆಯ್ಕೆಯನ್ನು ಗುರುತಿಸುತ್ತಿದ್ದಳು. ಈ ಪ್ರಶ್ನೆಗಳನ್ನು ರಚಿಸುವವರಿಗೆ ಕಿವಿ ಎಲ್ಲೆಲ್ಲಿ ಮೋಸಹೋಗುತ್ತದೆ ಎಂಬುದು ಚೆನ್ನಾಗಿ ಗೊತ್ತು.

ಪರೀಕ್ಷೆಯ ಸ್ವರೂಪವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಭಾರತದಲ್ಲಿ 2023ರಿಂದ ಎಸ್‌ಎಟಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಓದು ಮತ್ತು ಬರಹದ ವಿಭಾಗದಲ್ಲಿ 54 ಪ್ರಶ್ನೆಗಳಿದ್ದು, ಅವು 27ರಂತೆ ಎರಡು ಭಾಗಗಳಾಗಿ ಬರುತ್ತವೆ. ಒಂದೊಂದು ಭಾಗಕ್ಕೆ 32 ನಿಮಿಷ. ಒಟ್ಟು ಪ್ರಶ್ನೆಗಳಲ್ಲಿ 11ರಿಂದ 15 ವ್ಯಾಕರಣಕ್ಕೆ ಸೇರಿದವು. ಈ ವ್ಯಾಕರಣದ ಪ್ರತಿ ಪ್ರಶ್ನೆಗೂ ಒಂದು ಪುಟ್ಟ ಗದ್ಯಭಾಗ, ಅದರಲ್ಲಿ ಒಂದು ಬಿಟ್ಟ ಸ್ಥಳ, ಕೆಳಗೆ ನಾಲ್ಕು ಆಯ್ಕೆಗಳು. ಕಾಗದದ ಪರೀಕ್ಷೆಯ ಕಾಲದ ಹಳೆಯ ಪುಸ್ತಕಗಳು ನಿಯಮಗಳನ್ನು ಕಲಿಯಲು ಈಗಲೂ ಸಾಕು, ಆದರೆ ಪ್ರಶ್ನೆಯ ರೂಪ ತಿಳಿಯಲು ಅವನ್ನು ನೆಚ್ಚಿಕೊಳ್ಳಬಾರದು.

ನಾನು ಅವಳಿಗೆ ಮೊದಲು ಹೇಳಿದ್ದು, ಗದ್ಯಭಾಗಕ್ಕಿಂತ ಮುಂಚೆ ಆಯ್ಕೆಗಳ ಮೇಲೆ ಕಣ್ಣಾಡಿಸಬೇಕು ಎಂದು. ನಾಲ್ಕರಲ್ಲೂ ಪದಗಳು ಒಂದೇ ಆಗಿದ್ದು ಚಿಹ್ನೆಗಳು ಮಾತ್ರ ಬದಲಾಗಿದ್ದರೆ, ವಾಕ್ಯ ಎಲ್ಲಿ ಮುಗಿಯುತ್ತದೆ ಎಂಬುದೇ ಪ್ರಶ್ನೆ. ಕ್ರಿಯಾಪದದ ರೂಪ ಬದಲಾಗಿದ್ದರೆ ಕರ್ತೃವನ್ನು ಹುಡುಕಬೇಕು. ಮೂರು ಆಯ್ಕೆಗಳು ಬಹುವಚನದಲ್ಲಿದ್ದು ಒಂದು ಮಾತ್ರ ಏಕವಚನದಲ್ಲಿದ್ದರೆ, ಆ ಒಂಟಿ ಆಯ್ಕೆಯನ್ನೇ ಮೊದಲು ಪರೀಕ್ಷಿಸಿ ನೋಡಬೇಕು.

ಕರ್ತೃವನ್ನು ಹುಡುಕುವುದರಲ್ಲಿ ಕನ್ನಡ ನಮಗೆ ಕೈಕೊಡುವುದಿಲ್ಲ. ‘ದಿ ಕಲೆಕ್ಷನ್ ಆಫ್ ಮ್ಯಾನುಸ್ಕ್ರಿಪ್ಟ್ಸ್ ಫ್ರಮ್ ದಿ ಟೆಂಪಲ್ಸ್’ ಎಂದು ಓದುತ್ತ ಬಂದವರ ಕಿವಿಯಲ್ಲಿ ಕೊನೆಗೆ ಉಳಿಯುವುದು ‘ಟೆಂಪಲ್ಸ್’ ಎಂಬ ಬಹುವಚನ, ಆದ್ದರಿಂದ ‘ಆರ್’ ಎಂಬುದೇ ಸರಿಯೆನಿಸುತ್ತದೆ. ಅದನ್ನೇ ಕನ್ನಡಕ್ಕೆ ತಂದರೆ ‘ದೇವಾಲಯಗಳ ಹಸ್ತಪ್ರತಿಗಳ ಸಂಗ್ರಹ’ ಎಂದಾಗುತ್ತದೆ. ವಿಶೇಷಣಗಳೆಲ್ಲ ಮುಂದೆ ಸರಿದು, ಮುಖ್ಯ ನಾಮಪದ ಕ್ರಿಯಾಪದದ ಪಕ್ಕಕ್ಕೇ ಬಂದು ನಿಲ್ಲುತ್ತದೆ. ‘ಸಂಗ್ರಹ ಇವೆ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಮನೆಯಲ್ಲಿ ಮಾತ್ರ ಕನ್ನಡ ಆಡುವ ಹುಡುಗಿಗೂ ಈ ಉಪಾಯ ಒಂದೇ ಸಂಜೆಯಲ್ಲಿ ಕೈವಶವಾಯಿತು.

ಎರಡನೆಯ ನೆರವು ಸಿಕ್ಕಿದ್ದು ಶಾಲೆಯಲ್ಲಿ ಕಲಿತ ಕೃದಂತದ, ಅಂದರೆ ‘ಮಾಡಿ’, ‘ಬಂದು’ ಎಂಬಂಥ ರೂಪಗಳ ಪಾಠದಿಂದ. ‘ಅವನು ಊಟ ಮಾಡಿ’ ಎಂದು ನಿಲ್ಲಿಸಿದರೆ ಕೇಳುವವರು ‘ಆಮೇಲೆ?’ ಎನ್ನುತ್ತಾರೆ, ಏಕೆಂದರೆ ಅಲ್ಲಿ ಪೂರ್ಣ ಕ್ರಿಯಾಪದವಿಲ್ಲ. ಇಂಗ್ಲಿಷ್‌ನಲ್ಲೂ ‘ರೈಟಿಂಗ್’, ‘ಹ್ಯಾವಿಂಗ್ ರಿಟನ್’, ‘ಟು ರೈಟ್’ ಎಂಬ ರೂಪಗಳು ತಾವಾಗಿ ವಾಕ್ಯವನ್ನು ಮುಗಿಸಲಾರವು. ಆಯ್ಕೆಗಳಲ್ಲಿ ಇಂಥ ಮೂರು ರೂಪಗಳ ಜೊತೆಗೆ ‘ರೋಟ್’ ಎಂಬುದೊಂದಿದ್ದರೆ, ವಾಕ್ಯದ ಉಳಿದ ಭಾಗದಲ್ಲಿ ಪೂರ್ಣ ಕ್ರಿಯಾಪದ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಉತ್ತರ ‘ರೋಟ್’. ಈ ಪ್ರಶ್ನೆಗಳಲ್ಲಿ ನನ್ನ ಶಿಷ್ಯೆ ಆಮೇಲೆ ತಪ್ಪಿದ್ದು ಅಪರೂಪ.

ಆದರೆ ಇದೇ ಕೃದಂತ ಇನ್ನೊಂದು ಕಡೆ ನಮ್ಮನ್ನು ಹಳ್ಳಕ್ಕೆ ಕೆಡವುತ್ತದೆ. ‘ಮಳೆ ಬಂದು ಕೆರೆ ತುಂಬಿತು’ ಎಂಬ ವಾಕ್ಯದಲ್ಲಿ ಬಂದದ್ದು ಮಳೆ, ತುಂಬಿದ್ದು ಕೆರೆ. ಕನ್ನಡಕ್ಕೆ ಇದರಲ್ಲಿ ಯಾವ ದೋಷವೂ ಇಲ್ಲ. ಇಂಗ್ಲಿಷ್‌ನಲ್ಲಿ ವಾಕ್ಯದ ಆರಂಭದಲ್ಲಿ ‘ವಾಕಿಂಗ್ ಥ್ರೂ ದಿ ಮಾರ್ಕೆಟ್’ ಎಂದು ಬರೆದು ಅಲ್ಪವಿರಾಮ ಹಾಕಿದ ಮೇಲೆ, ಮುಂದಿನ ಕರ್ತೃ ನಡೆಯುತ್ತಿದ್ದ ವ್ಯಕ್ತಿಯೇ ಆಗಿರಬೇಕು. ಅಲ್ಲಿ ‘ದಿ ಸ್ಮೆಲ್ ಆಫ್ ಜಾಸ್ಮಿನ್’ ಬಂದರೆ ಮಲ್ಲಿಗೆಯ ವಾಸನೆಯೇ ಮಾರುಕಟ್ಟೆಯಲ್ಲಿ ನಡೆದಾಡಿದಂತಾಗುತ್ತದೆ. ಇಂಥ ಪ್ರಶ್ನೆಗಳ ಆಯ್ಕೆಗಳು ಉದ್ದವಾಗಿರುತ್ತವೆ, ಅವನ್ನೆಲ್ಲ ಪೂರ್ತಿ ಓದಿ ದಣಿಯಬೇಕಾಗಿಲ್ಲ. ಪ್ರತಿಯೊಂದರ ಕರ್ತೃ ಯಾವುದೆಂದು ನೋಡಿದರೆ ಸಾಮಾನ್ಯವಾಗಿ ಮೂರು ಬಿದ್ದುಹೋಗುತ್ತವೆ.

ಚಿಹ್ನೆಗಳ ವಿಷಯದಲ್ಲೂ ಕನ್ನಡದ ಅಭ್ಯಾಸವನ್ನು ಬದಿಗಿಡಬೇಕು. ‘ಮಳೆ ನಿಂತಿತು, ನಾವು ಹೊರಟೆವು’ ಎಂದು ನಾವು ನಿಶ್ಚಿಂತೆಯಿಂದ ಬರೆಯುತ್ತೇವೆ. ಎರಡು ಪೂರ್ಣ ವಾಕ್ಯಗಳನ್ನು ಬರಿಯ ಅಲ್ಪವಿರಾಮದಿಂದ ಹೀಗೆ ಜೋಡಿಸುವುದು ಈ ಪರೀಕ್ಷೆಯಲ್ಲಿ ತಪ್ಪು. ಅಲ್ಲಿ ಪೂರ್ಣವಿರಾಮವೋ ಸೆಮಿಕೋಲನ್ನೋ ಬೇಕು. ಎರಡು ಪೂರ್ಣ ವಾಕ್ಯಗಳ ನಡುವೆ ಇವೆರಡರ ಕೆಲಸವೂ ಒಂದೇ ಆದ್ದರಿಂದ, ಒಂದೇ ಜಾಗದಲ್ಲಿ ಪೂರ್ಣವಿರಾಮದ ಒಂದು ಆಯ್ಕೆ, ಸೆಮಿಕೋಲನ್‌ನ ಇನ್ನೊಂದು ಆಯ್ಕೆ ಇದ್ದು ಪದಗಳಲ್ಲಿ ವ್ಯತ್ಯಾಸವಿಲ್ಲದಿದ್ದರೆ ಎರಡನ್ನೂ ಕೈಬಿಡಬಹುದು: ಸರಿಯುತ್ತರ ಎರಡಿರಲು ಸಾಧ್ಯವಿಲ್ಲವಲ್ಲ! ಕೋಲನ್‌ನ ಹಿಂದಿನ ಭಾಗ ಪೂರ್ಣ ವಾಕ್ಯವಾಗಿರಬೇಕು, ಮುಂದೆ ಏನಾದರೂ ಇರಬಹುದು. ನಡುವೆ ಸೇರಿಸಿದ ಮಾತನ್ನು ಡ್ಯಾಶ್‌ನಿಂದ ತೆರೆದರೆ ಡ್ಯಾಶ್‌ನಿಂದಲೇ ಮುಚ್ಚಬೇಕು. ‘ಫಿಸಿಸಿಸ್ಟ್ ಸಿ.ವಿ. ರಾಮನ್’ ಎಂಬಂತೆ ವೃತ್ತಿಯ ಹೆಸರು ಬಿರುದಿನ ಹಾಗೆ ವ್ಯಕ್ತಿಯ ಹೆಸರಿಗೆ ಅಂಟಿಕೊಂಡು ಬಂದಾಗ ನಡುವೆ ಅಲ್ಪವಿರಾಮ ಕೂಡದು.

ನಿಯಮವೊಂದರಿಂದಲೇ ಬಗೆಹರಿಯದ ಪ್ರಶ್ನೆಯೆಂದರೆ ‘ಹೌಎವರ್’ ಪದದ್ದು. ಅದು ಹಿಂದಿನ ವಾಕ್ಯದ ತುದಿಗೆ ಸೇರಿ ಆಮೇಲೆ ಸೆಮಿಕೋಲನ್ ಬರಬೇಕೇ, ಅಥವಾ ಸೆಮಿಕೋಲನ್ ಆದಮೇಲೆ ಮುಂದಿನ ವಾಕ್ಯದ ತಲೆಗೆ ಬರಬೇಕೇ ಎಂಬುದನ್ನು ಅರ್ಥವೇ ತೀರ್ಮಾನಿಸುತ್ತದೆ. ಇಲ್ಲಿ ಮಾತ್ರ ಗದ್ಯಭಾಗವನ್ನು ಮೊದಲಿನಿಂದ ಓದಿ, ಯಾವ ಎರಡು ಮಾತುಗಳ ನಡುವೆ ವಿರೋಧವಿದೆ ಎಂದು ಕಂಡುಕೊಳ್ಳಬೇಕು. ನನ್ನ ಶಿಷ್ಯೆ ಹಾಗೆ ಮಾಡದೆ ಎರಡು ಸಲ ತಪ್ಪಿ, ‘ಚಿಕ್ಕಮ್ಮಾ, ಇದು ವ್ಯಾಕರಣ ಅಲ್ಲ, ಓದೋ ಪ್ರಶ್ನೆ’ ಎಂದು ದೂರಿದಳು. ಅವಳ ದೂರಿನಲ್ಲಿ ನ್ಯಾಯವಿತ್ತು.

ಸರಾಸರಿಯಲ್ಲಿ ಒಂದು ಪ್ರಶ್ನೆಗೆ ಸಿಗುವುದು 71 ಸೆಕೆಂಡು. ವ್ಯಾಕರಣದ ಹೆಚ್ಚಿನ ಪ್ರಶ್ನೆಗಳು 30 ಸೆಕೆಂಡಿನಲ್ಲಿ ಮುಗಿಯಬಲ್ಲವಾದ್ದರಿಂದ, ಉಳಿದ ಸಮಯವನ್ನು ‘ಹೌಎವರ್’ನಂಥವಕ್ಕೂ ದೀರ್ಘ ಓದಿನ ಪ್ರಶ್ನೆಗಳಿಗೂ ಕೊಡಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದರೆ ಮೊದಲ ಭಾಗದ 32 ನಿಮಿಷ ಮುಗಿದ ಮೇಲೆ ಅದಕ್ಕೆ ಮರಳಲು ಬರುವುದಿಲ್ಲ. ಹಾಗಾಗಿ ಅನುಮಾನವಿರುವ ಪ್ರಶ್ನೆಗೂ ಯಾವುದಾದರೊಂದು ಉತ್ತರ ಒತ್ತಿ, ಗುರುತು ಹಾಕಿಟ್ಟು ಮುಂದೆ ಹೋಗುವುದನ್ನು ಅವಳು ಮಾದರಿ ಪರೀಕ್ಷೆಗಳಲ್ಲೇ ರೂಢಿಸಿಕೊಂಡಳು.