ಸೆಲ್ಫ್ ಒತ್ತಿದರೆ ಒಂದೇ ‘ಟಕ್’: ಹಳೇ ಬೈಕಿನ ರಿಪೇರಿ ಡೈರಿ

ಜೂನ್ 12

ತೀರ್ಥಹಳ್ಳಿಯಲ್ಲಿ ಮಳೆ ಹಿಡಿದು ಇವತ್ತಿಗೆ ನಾಲ್ಕು ದಿನ. ಬೆಳಿಗ್ಗೆ ಏಳೂವರೆಗೆ ಸೆಲ್ಫ್ ಒತ್ತಿದೆ. ಸೀಟಿನ ಕೆಳಗಿಂದ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಇಂಜಿನ್ ಮಿಸುಕಲಿಲ್ಲ. ಮತ್ತೆ ಒತ್ತಿದೆ, ಮತ್ತೆ ‘ಟಕ್’. ಹನ್ನೊಂದು ವರ್ಷದ 150 ಸಿಸಿ ಬೈಕು, ಕಿಕ್ಕರ್ ಇಲ್ಲ. ಮನೆ ಮುಂದೆ ಇಳಿಜಾರು ಇರುವುದೇ ಪುಣ್ಯ. ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಹಿಡಿದು ಜಾರಿಸಿಕೊಂಡು ಹೋಗಿ ತಿರುವಿನ ಹತ್ತಿರ ಕ್ಲಚ್ ಬಿಟ್ಟೆ. ಸ್ಟಾರ್ಟ್ ಆಯಿತು. ಸಂಜೆ ಆಫೀಸಿನ ಮುಂದೆ ಸೆಲ್ಫ್ ಏನೂ ಆಗೇ ಇಲ್ಲ ಅನ್ನೋ ಹಾಗೆ ಒಂದೇ ಸಲಕ್ಕೆ ಹಿಡಿಯಿತು.

ಜೂನ್ 15

ಮೂರು ದಿನ ಬೆಳಿಗ್ಗೆ ಇದೇ ಕಥೆ. ಪೇಟೆಯ ಮೆಕ್ಯಾನಿಕ್ ಹತ್ತಿರ ಹೋದೆ. ಹಾರ್ನ್ ಹೊಡೆದು ನೋಡಿ, "ಬ್ಯಾಟರಿ ಹೋಗಿದೆ ಮಾರಾಯ್ರೆ, ಬದಲಾಯಿಸಿ" ಅಂದರು. ಬದಲಾಯಿಸಿದೆ. ಹಳೇದನ್ನು ಅಂಗಡಿಗೇ ಕೊಟ್ಟಿದ್ದರೆ ರೇಟು ಸ್ವಲ್ಪ ಕಡಿಮೆ ಆಗುತ್ತಿತ್ತು. ಯಾಕೋ ಕೊಡಲಿಲ್ಲ.

ಜೂನ್ 16

ಹೊಸ ಬ್ಯಾಟರಿ. ಅದೇ ‘ಟಕ್’.

ಜೂನ್ 18, ಭಾನುವಾರ

ಇನ್ನು ಸುಮ್ನೆ ಸಾಮಾನು ಬದಲಾಯಿಸುತ್ತಾ ಕೂರುವುದು ಬೇಡ, ಅಳತೆ ಮಾಡಿಯೇ ನೋಡೋಣ ಅಂತ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. ಮಗನನ್ನು ಬಟನ್ ಒತ್ತಲು ನಿಲ್ಲಿಸಿಕೊಂಡೆ.

ಮೊದಲು ಸದ್ದಿನ ಲೆಕ್ಕ. ಬಟನ್ ಒತ್ತಿದಾಗ ಸದ್ದೇ ಇಲ್ಲದಿದ್ದರೆ ಫ್ಯೂಸ್, ಕಿಲ್ ಸ್ವಿಚ್, ಕ್ಲಚ್ ಸ್ವಿಚ್, ಸೆಲ್ಫ್ ಬಟನ್ ಇವುಗಳ ಕಡೆ ನೋಡಬೇಕು. ‘ಟಕಟಕಟಕ’ ಅಂತ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿ ಸೋತಿದೆ ಅಂತ. ರಿಲೇ (ಬಟನ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಮೋಟರಿಗೆ ಬಿಡುವ ಸ್ವಿಚ್) ಹಿಡಿಯುತ್ತದೆ, ಇಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟರ್ ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಬಿದ್ದು ರಿಲೇ ಬಿಟ್ಟುಬಿಡುತ್ತದೆ, ಮತ್ತೆ ಹಿಡಿಯುತ್ತದೆ. ನನ್ನದು ಗಟ್ಟಿಯಾದ ಒಂದೇ ‘ಟಕ್’. ಅಂದರೆ ಬಟನ್ನಿಂದ ರಿಲೇವರೆಗೆ ದಾರಿ ಸರಿ ಇದೆ. ತೊಂದರೆ ಇರುವುದು ದಪ್ಪ ಕೇಬಲ್‌ಗಳ ಕಡೆ.

ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟೆ. (ಆಂಪಿಯರ್ ಅಳೆಯಲು ಹೋಗಬೇಡಿ. ಸ್ಟಾರ್ಟರ್ ಮೋಟರ್ ಎಳೆಯುವ ಕರೆಂಟ್ ಮೀಟರಿನ 10 ಆಂಪಿಯರ್ ಫ್ಯೂಸ್ ತಡೆಯುವುದಕ್ಕಿಂತ ಬಹಳ ಜಾಸ್ತಿ.) ಸುಮ್ಮನಿದ್ದಾಗ ಬ್ಯಾಟರಿ 12.7. ಮಗ ಒತ್ತಿದ: 12.1.

ಇಲ್ಲೇ ನಾನು ಸ್ವಲ್ಪ ಹೊತ್ತು ದಾರಿ ತಪ್ಪಿದೆ. ‘ಅಬ್ಬಾ, ಬ್ಯಾಟರಿ ಎಷ್ಟು ಗಟ್ಟಿ’ ಅಂತ ಖುಷಿಪಟ್ಟೆ. ಆದರೆ ಯೋಚನೆ ಮಾಡಿದರೆ ಅದು ಖುಷಿಪಡುವ ಅಂಕಿ ಅಲ್ಲ. ಮೋಟರ್ ನಿಜವಾಗಿ ಇಂಜಿನ್ ತಿರುಗಿಸುತ್ತಿದ್ದರೆ ವೋಲ್ಟೇಜ್ 11ರ ಆಸುಪಾಸಿಗೆ ಇಳಿಯಬೇಕು. 12.1ರಲ್ಲೇ ನಿಂತಿದೆ ಅಂದರೆ ಮೋಟರಿಗೆ ಬೇಕಾದಷ್ಟು ಕರೆಂಟ್ ಹೋಗುತ್ತಲೇ ಇಲ್ಲ. ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ.

ಮುಂದೆ, ಎಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ಪ್ರತಿ ತುಂಡನ್ನೂ ಬಟನ್ ಒತ್ತಿ ಹಿಡಿದೇ ಅಳೆದೆ. ಒಂದು ಸಲಕ್ಕೆ ಎರಡು ಸೆಕೆಂಡ್, ಅದಕ್ಕಿಂತ ಜಾಸ್ತಿ ಬೇಡ. ರಿಲೇಯ ಎರಡು ದಪ್ಪ ಬೋಲ್ಟ್‌ಗಳ ನಡುವೆ 0.1. ಅಂದರೆ ರಿಲೇ ಸರಿ ಇದೆ. ಪಾಸಿಟಿವ್ ಕೇಬಲ್‌ಗಳಲ್ಲಿ ಒಟ್ಟು 0.2, ಅದೂ ಸರಿ. ಮೋಟರಿನ ಬೋಲ್ಟಿಂದ ಮೋಟರಿನ ಮೈಗೆ ಬರೀ 2.6! ಹಾಗಾದರೆ ಉಳಿದದ್ದು ಎಲ್ಲಿ ಹೋಯಿತು? ಮೀಟರಿನ ಒಂದು ಕಡ್ಡಿ (ಪ್ರೋಬ್) ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಮೋಟರಿನ ಮೈ ಮೇಲೆ ಇಟ್ಟೆ. 9.2. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಕೂಡಿಸಿ ನೋಡಿ: 0.1, 0.2, 2.6, 9.2. ಸರಿಯಾಗಿ 12.1. ಲೆಕ್ಕ ಇಷ್ಟು ಚೆನ್ನಾಗಿ ತಾಳೆಯಾದಾಗ ಆಗುವ ಸಂತೋಷವೇ ಬೇರೆ.

ಅಷ್ಟರಲ್ಲಿ ಕ್ಲಚ್ ಹಿಡಿದಿದ್ದ ಮಗ, "ಅಪ್ಪಾ, ಈ ವೈರು ಬಿಸಿ ಆಗಿದೆ" ಅಂದ. ಕ್ಲಚ್ ಕೇಬಲ್! ಮುಟ್ಟಿ ನೋಡಿದರೆ ಹ್ಯಾಂಡಲ್ ಹತ್ತಿರ ಕಪ್ಪು ಕವಚ ಬೆಚ್ಚಗಿತ್ತು. ಇಂಜಿನ್ ಹತ್ತಿರದ ತುದಿಯಲ್ಲಿ ಪ್ಲಾಸ್ಟಿಕ್ ಮೆತ್ತಗಾಗಿ ಉಬ್ಬಿತ್ತು. ಅರ್ತಿಂಗ್, ಅಂದರೆ ಇಂಜಿನ್ನಿಂದ ಬ್ಯಾಟರಿ ನೆಗೆಟಿವ್‌ಗೆ ಇರುವ ಜೋಡಣೆ, ಸರಿ ಇಲ್ಲದಿದ್ದಾಗ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಇಂಜಿನ್ನಿಂದ ಕ್ಲಚ್ ಕೇಬಲ್ಲಿನ ಉಕ್ಕಿನ ತಂತಿ, ಅಲ್ಲಿಂದ ಹ್ಯಾಂಡಲ್, ಅಲ್ಲಿಂದ ಚಾಸಿ (ಬೈಕಿನ ಚೌಕಟ್ಟು). ಹತ್ತು ದಿನದಿಂದ ಕ್ಲಚ್ ಯಾಕೆ ಗಟ್ಟಿ ಅನಿಸುತ್ತಿತ್ತು ಅಂತ ಈಗ ಗೊತ್ತಾಯಿತು.

ಜೂನ್ 19

ನೆಗೆಟಿವ್ ಕೇಬಲ್ ಹಿಡಿದುಕೊಂಡು ಹೋದೆ. ಅದು ಇಂಜಿನ್ನಿನ ಹಿಂಭಾಗದಲ್ಲಿ, ಚೈನಿನ ಕೆಸರು ಸಿಡಿಯುವ ಜಾಗದಲ್ಲಿ, 10ನೇ ನಂಬರ್ ಸ್ಪಾನರಿನ ಬೋಲ್ಟಿಗೆ ಸೇರಿದೆ. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಆಮೇಲೆ ಇದನ್ನು ತೆಗೆದೆ. ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆಯ) ಮೇಲೆ ದಪ್ಪಗೆ ಹಸಿರು ಕಿಲುಬು. ಅದರ ಕೆಳಗೆ, ಲಗ್ ಕೂರುವ ಜಾಗದಲ್ಲಿ, ಫಳಫಳ ಸಿಲ್ವರ್ ಪೇಂಟು.

ಆ ಪೇಂಟು ಹೊಡೆದವನು ನಾನೇ. ಕಳೆದ ದೀಪಾವಳಿ ರಜೆಯಲ್ಲಿ ಇಂಜಿನ್ ಹೊಸದರ ಹಾಗೆ ಕಾಣಲಿ ಅಂತ ಲಗ್ ಬಿಚ್ಚಿ, ಚೆನ್ನಾಗಿ ಎರಡು ಕೋಟ್ ಹೊಡೆದು, ಅದರ ಮೇಲೇ ಬೋಲ್ಟ್ ಬಿಗಿದಿದ್ದೆ. ಪೇಂಟಿನ ಮೂಲಕ ಕರೆಂಟ್ ಹರಿಯದು; ಬೇಸಿಗೆಯುದ್ದಕ್ಕೂ ಬೋಲ್ಟಿನ ತಿರುಪಿನ ಸುತ್ತುಗಳ ಮೂಲಕವೇ ಹೇಗೋ ಹರಿದಿರಬೇಕು. ಮಳೆ ಬಂದು ಕಿಲುಬು ಹಿಡಿದ ಮೇಲೆ ಆ ದಾರಿಯೂ ಮುಚ್ಚಿತು. ಮೆಕ್ಯಾನಿಕ್‌ನನ್ನು ನಾಲ್ಕು ದಿನ ಮನಸ್ಸಿನಲ್ಲೇ ಬೈದಿದ್ದೆ. ಪಾಪ.

ಅಮ್ಮ ನೋಡಿ, "ಹುಣಸೆಹಣ್ಣು ಹಾಕಿ ತಿಕ್ಕು, ಹೋಗತ್ತೆ" ಅಂದರು. ತಾಮ್ರದ ಚೊಂಬಿಗೆ ಸರಿ. ಇಲ್ಲಿ ಕಿಲುಬು ತಂತಿಯ ಎಳೆಗಳ ಒಳಗೆ ಎರಡು ಇಂಚು ಹೋಗಿತ್ತು. ಕವಚ ಸೀಳಿದರೆ ಎಳೆಗಳು ಕಪ್ಪಾಗಿ ಪುಡಿಪುಡಿ ಉದುರಿದವು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 10 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಒಂದು ಮೀಟರ್ ತಂದು, ಎರಡೂ ತುದಿಗೆ ಲಗ್ ಒತ್ತಿಸಿಕೊಂಡು ಬಂದೆ. ಪೇಂಟನ್ನು ಉಪ್ಪುಕಾಗದದಿಂದ ಉಜ್ಜಿ ಬಿಳಿ ಅಲ್ಯೂಮಿನಿಯಂ ಕಾಣಿಸುವವರೆಗೂ ಕೆರೆದೆ. ಬೋಲ್ಟ್ ಬಿಗಿದ ಮೇಲೆ ಹೊರಗಿನಿಂದ ಗ್ರೀಸ್ ಬಳಿದೆ. ಗ್ರೀಸ್ ಆಮೇಲೆ, ಮೊದಲಲ್ಲ.

ಸೆಲ್ಫ್ ಒತ್ತಿದೆ. ‘ಚರ್‌ರ್’ ಅಂತ ತಿರುಗಿ ಅರ್ಧ ಸೆಕೆಂಡಿನಲ್ಲಿ ಹಿಡಿಯಿತು. ಆಫ್ ಮಾಡಿ ಮತ್ತೆ ಅಳೆದೆ. ತಿರುಗುವಾಗ ಬ್ಯಾಟರಿ 10.9. ನೆಗೆಟಿವ್‌ನಿಂದ ಮೋಟರಿನ ಮೈಗೆ 0.08.

ಜೂನ್ 27

ಎಂಟು ಬೆಳಿಗ್ಗೆ, ಎಂಟೂ ಸಲ ಮಳೆ. ಒಂದು ದಿನವೂ ತಳ್ಳಲಿಲ್ಲ. ಕ್ಲಚ್ ಕೇಬಲ್ ಹೊಸದು ಹಾಕಿದೆ. ಚಾರ್ಜಿಂಗ್ ಕೂಡ ನೋಡಿಬಿಟ್ಟೆ. ಇಂಜಿನ್ ಸ್ವಲ್ಪ ರೇಸ್ ಮಾಡಿದಾಗ 14.2 ಬರುತ್ತಿದೆ. ಮೋಟರಿನ ಒಳಗಿನ ಕಾರ್ಬನ್ ಬ್ರಷ್ ಬಿಚ್ಚಿ ನೋಡೋಣ ಅಂದುಕೊಂಡಿದ್ದೆ. ಸದ್ಯಕ್ಕೆ ಕೈ ಹಾಕುವುದಿಲ್ಲ, ಮಳೆ ಕಳೆಯಲಿ.

ಹಳೇ ಬ್ಯಾಟರಿಯನ್ನು ಹತ್ತು ದಿನದ ಮೇಲೆ ಅಳೆದರೆ ಇನ್ನೂ 12.5 ತೋರಿಸುತ್ತಿದೆ. ಕೊಟ್ಟಿಗೆಗೆ 12 ವೋಲ್ಟಿನ ಎಲ್‌ಇಡಿ ಬಲ್ಬ್ ಹಾಕಿ ಅದಕ್ಕೆ ಜೋಡಿಸಿದ್ದೇನೆ. ನಿನ್ನೆ ರಾತ್ರಿ ಕರೆಂಟ್ ಹೋದಾಗ ಅಮ್ಮ ಅದರ ಬೆಳಕಲ್ಲೇ ಹಾಲು ಕರೆದರು.